ರೈಲ್ವೆ ಜಿಎಂ ಸಾಹೇಬ್ರ, ಪಾಲಿಕೆ ಕಮಿಷನರ್ ಸಾಹೇಬ್ರ, ಬ್ಯಾಂಡಿನ ಗಾಡಿ ಹುಬ್ಬಳ್ಳಿದಾಗ ಇಳಿಯೂ ಹಂಗ ಮಾಡ್ರಿ

ಮಾನ್ಯ ನೈಋತ್ಯ ರೈಲ್ವೆ ಜನರಲ್ ಮ್ಯಾನೇಜರ್ ಸಾಹೇಬ್ರಿಗೆ ಮತ್ತ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಕಮಿಷನರ್ ಸಾಹೇಬ್ರಿಗೆ, ನಮಸ್ಕಾರ್ರಿ.

ಇಬ್ಬರಿಗೂ ಕೂಡೇ ಒಂದ ಪತ್ರ ಬರ್ಯಾಕತ್ತೇನಿ, ಯಾಕಂದ್ರ ನಾ ಕೇಳೂ ಕೆಲಸ, ಊರೂರು ತಿರುಗೂ ಬ್ಯಾಂಡುಗಳು ಹುಬ್ಬಳ್ಳಿದಾಗ ಇಳದು ಬಾರ್ಸೂ ಹಂಗ ರೈಲು, ಹಾಲ್ ಅನುಕೂಲ ಮಾಡೂದು, ಅರ್ಧ ಒಬ್ಬರ ಕೈಯಾಗ ಐತಿ, ಅರ್ಧ ಇನ್ನೊಬ್ಬರ ಕೈಯಾಗ. ಊರ ಮಂದಿನೂ ಓದ್ಲಿ ಅಂತ ಎಲ್ಲಾರಿಗೂ ಕಾಣೂ ಹಂಗ ಹಾಕಾಕತ್ತೇನಿ. ನಾನು ಹುಬ್ಬಳ್ಳಿಯ ಒಂದು ಬ್ಯಾಂಡಿನ್ಯಾಗ ಬೇಸ್ ಗಿಟಾರ್ ಬಾರಸಾಂವ. ನಮ್ದು ಆರ್ಕೆಸ್ಟ್ರಾ ಅಲ್ರಿ (ಆರ್ಕೆಸ್ಟ್ರಾದವರ ಬಗ್ಗೆ ನನಗ ಭಾಳ ಗೌರವ ಐತಿ, ನಮ್ಮ ಡ್ರಮ್ಮರ್ ಕೈ ಪಳಗಿದ್ದ ಗಣಪತಿ ಹಬ್ಬದ ಆರ್ಕೆಸ್ಟ್ರಾದಾಗ), ನಾವು ನಮ್ಮ ಹಾಡು ನಾವ ಬರದು, ನಾವ ಟ್ಯೂನ್ ಕೂಡಿಸಿ ಹಾಡಾವ್ರು. ಹಿಂದ ಆಡಿಯೋ ಕಂಪನಿ ಇಲ್ಲ, ಸಿನಿಮಾ ಇಲ್ಲ, ಮ್ಯಾನೇಜರ್ ಇಲ್ಲ. ರೆಕಾರ್ಡಿಂಗ್ ರೊಕ್ಕ ನಮ್ಮ ಕಿಸೆದಾಗಿಂದ, ಟೂರ್ ರೊಕ್ಕಾನೂ ನಮ್ಮ ಕಿಸೆದಾಗಿಂದ.

ಈ ದೇಶದಾಗ ಇಂಥಾ ಬ್ಯಾಂಡ್ ಏನ್ ಕಡಿಮಿ ಇಲ್ಲ. ದಿಲ್ಲಿಯ ಇಂಡಿಯನ್ ಓಶನ್ 1990ರಿಂದ ಬಾರಸ್ಕೋತ ಬಂದೈತಿ, ಬೆಂಗಳೂರಿನ ಥರ್ಮಲ್ ಆಂಡ್ ಎ ಕ್ವಾರ್ಟರ್ 1996ರಿಂದ, ಶಿಲ್ಲಾಂಗಿನ ಸೋಲ್‌ಮೇಟ್ ಬ್ಲೂಸ್ ಹಾಡ್ಕೋತ ದೇಶ ತಿರಗೈತಿ, ಕೊಚ್ಚಿ, ಚೆನ್ನೈ, ಪುಣೆ, ಕೋಲ್ಕತ್ತಾ ಎಲ್ಲಾ ಕಡೆ ಹುಡುಗುರು ಹುಡಿಗ್ಯಾರು ಕೂಡಿ ಬ್ಯಾಂಡ್ ಕಟ್ಯಾರ. ನಮ್ಮ ಹಾವೇರಿ ಜಿಲ್ಲಾದ ಶಿಶುವಿನಹಾಳದ ಶರೀಫಜ್ಜನ ಪದ ರಘು ದೀಕ್ಷಿತ್ ಅವರ ಬ್ಯಾಂಡಿನ ಜೋಡಿ ಇಂಗ್ಲೆಂಡ್ ತನಕ ಹೋಗ್ಯಾವ. ಆದ್ರ ಅದ ಪದಾನ ಶಿಶುವಿನಹಾಳದಿಂದ ಒಂದು ತಾಸಿನ ಹಾದಿ ಇರೂ ಹುಬ್ಬಳ್ಳಿದಾಗ, ಗಿಟಾರ್ ಡ್ರಮ್ಸ್ ಕೂಡೆ, ಟಿಕೆಟ್ ತೊಗೊಂಡು ಕುಂತು ಕೇಳ್ತೇನಂದ್ರ ಅಂಥಾ ಜಾಗಾ ಎಲ್ಲೈತ್ರಿ? ಉತ್ಸವ ಆದ್ರ ದೊಡ್ಡ ಸ್ಟೇಜ್ ಮ್ಯಾಲೆ ಒಂದು ದಿನ ಕೇಳಬಹುದು, ಅಷ್ಟ. ವರ್ಷಪೂರ್ತಿ, ತಿಂಗಳಿಗೊಮ್ಮೆ ಎರಡು ಸಲ, ಸಣ್ಣ ಹಾಲ್‌ನ್ಯಾಗ ಇನ್ನೂರು ಮುನ್ನೂರು ಮಂದಿ ಮುಂದ ಬಾರ್ಸೂ ಪದ್ಧತಿ ಇಲ್ಲೆ ಇನ್ನೂ ಬಿದ್ದಿಲ್ಲ.

ಇದು ಯಾಕ ಬೀಳಬೇಕು ಅನ್ನೂದು ತಿಳೀಬೇಕಂದ್ರ ಟೂರ್ ಹೆಂಗ ನಡೀತೈತಿ ಅನ್ನೂದು ತುಸು ಹೇಳಬೇಕಾಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಬೆಂಗಳೂರಿಂದ ಮುಂಬೈಗೆ ರಸ್ತಾದ ಮ್ಯಾಲೆ ಸುಮಾರು 980 ಕಿಲೋಮೀಟರ್. ಬೆಂಗಳೂರಿಂದ ದಿಲ್ಲಿ ಅಂದ್ರ 2,000 ದಾಟತೈತಿ. ಶಿಲ್ಲಾಂಗಿನವ್ರು ಬೆಂಗಳೂರಿಗೆ ಬರಬೇಕಂದ್ರ ಹತ್ರ ಹತ್ರ 3,000. ಹೆಸರು ಮಾಡಿದವ್ರು ವಿಮಾನದಾಗ ಹೋಗ್ತಾರ, ನಮ್ಮಂಥವ್ರದು ಸ್ಲೀಪರ್ ಕ್ಲಾಸ್ ಇಲ್ಲಾ ಟೆಂಪೋ ಟ್ರಾವೆಲರ್. ಶೋ ಸಿಗೂದು ಗುರುವಾರದಿಂದ ರವಿವಾರ ತನಕ, ಅದೂ ದೊಡ್ಡ ಊರಾಗ, ಅದೂ ಹೆಚ್ಚಾಗಿ ಬಾರ್, ಪಬ್‌ನ್ಯಾಗ. ಸೋಮವಾರ, ಮಂಗಳವಾರ, ಬುಧವಾರ ಖಾಲಿ. ಆ ಮೂರು ದಿನ ರೂಮ್ ಬಾಡಿಗಿ ಕೊಡಬೇಕು, ಊಟ ಮಾಡಬೇಕು, ಗಾಡಿ ಬಾಡಿಗಿ ಓಡ್ತಾನ ಇರ್ತೈತಿ, ಕೈಯಾಗ ಒಂದು ರೂಪಾಯಿ ಬರೂದಿಲ್ಲ. ವಾರದ ಕಡಿ ನಾಕು ದಿನ ದುಡಿದಿದ್ದು ಈ ಮೂರು ದಿನ ತಿಂದು ಹೋಗ್ತಾವ. ಮೊದಲನೇ ಟೂರ್ ಮುಗಿಸಿ ಬಂದ ಮ್ಯಾಲೆ ಎಷ್ಟೋ ಚಲೋ ಬ್ಯಾಂಡ್ ಸಾಲದ ಸಲವಾಗಿ ನಿಂತು ಹೋಗಿದ್ದು ನಾ ನೋಡೇನಿ, ಹಾಡು ಕೆಟ್ಟಿದ್ವು ಅಂತಲ್ಲ.

ಅದಕ್ಕ ಒಂದ ಉಪಾಯ, ಮೂರು ಬ್ಯಾಂಡ್ ಕೂಡಿ ಹೊಂಡೂದು. ಒಂದ ಗಾಡಿ, ಒಬ್ಬ ಡ್ರೈವರ್, ಒಬ್ಬ ಸೌಂಡ್ ಎಂಜಿನಿಯರ್, ಒಂದ ಡ್ರಮ್ ಕಿಟ್, ಎರಡು ಆಂಪ್ (ಗಿಟಾರಿನ ಸಪ್ಪಳ ದೊಡ್ಡದು ಮಾಡೂ ಪೆಟ್ಟಿಗಿ). ಪುಣೆಯ ಬ್ಯಾಂಡ್ ಪುಣೆದಾಗ ಕೊನಿಗೆ ಬಾರಸ್ತೈತಿ, ಯಾಕಂದ್ರ ಅವರ ಮಂದಿ ಅಲ್ಲಿರ್ತಾರ, ಬೆಂಗಳೂರಿನ ಬ್ಯಾಂಡ್ ಬೆಂಗಳೂರಾಗ ಕೊನಿಗೆ. ಬಾಗಲಾಗ ಬಂದ ಟಿಕೆಟ್ ರೊಕ್ಕ ಖರ್ಚು ತಗದು ಮೂರು ಪಾಲು. ಟೇಬಲ್ ಮ್ಯಾಲೆ ಟೀ ಶರ್ಟು, ಸಿಡಿ ಇಟಗೊಂಡು ಮಾರಿದ್ದು ಮಾತ್ರ ಅವರವರದು.

ಇದರಾಗ ನನಗ ಎಲ್ಲಕ್ಕಿಂತ ಹಿಡಸೂದು ಎರಡು ಬ್ಯಾಂಡಿನ ನಡುವಿನ ಆ ಹತ್ತು ನಿಮಿಷ. ಒಂದು ಬ್ಯಾಂಡಿನ ಕೊನಿ ಹಾಡು ಮುಗೀತಿದ್ದಂಗ ಅವರ ಡ್ರಮ್ಮರ್ ತನ್ನ ಸ್ನೇರ್ (ಸಣ್ಣ ಡ್ರಮ್ಮು), ತನ್ನ ಸಿಂಬಲ್ (ಲೋಹದ ತಾಟು) ನಾಕು, ದೊಡ್ಡ ಡ್ರಮ್ಮು ಕಾಲಿಂದ ಬಡಿಯೂ ತನ್ನ ಕಿಕ್ ಪೆಡಲ್ ಬಿಚ್ಚಿಕೊಂಡು ಇಳಿತಾನ, ಮುಂದಿನಾಂವ ಅಷ್ಟೊತ್ತಿಗೆ ತನ್ನವು ಬಗಲಾಗ ಹಿಡಕೊಂಡು ಮೆಟ್ಲ ಮ್ಯಾಲೆ ನಿಂತಿರ್ತಾನ. ದೊಡ್ಡ ಡ್ರಮ್ಮು, ಸ್ಟ್ಯಾಂಡು ಹಂಗ ಇರ್ತಾವ. ಸ್ಟೂಲ್ ಎತ್ತರ ತಿರುವಿ ಸರಿ ಮಾಡ್ಕೋತಾನ, ಎಡಗೈಯಾಂವ ಆಗಿದ್ದ್ರ ಹೈಹ್ಯಾಟ್ (ಜೋಡಿ ತಾಟು) ಆ ಕಡೆಯಿಂದ ಈ ಕಡೆ ಬರ್ತೈತಿ, ಮೊದಲಿನಾಂವ ಇಳದವ ಅಲ್ಲೇ ಬಗ್ಗಿ ಕಿಕ್ ಡ್ರಮ್ಮಿನ ಬುಡಕ್ಕ ಚಾಪಿ ಸರಿಸಿ ಕೊಡ್ತಾನ, ಸೌಂಡ್ ಎಂಜಿನಿಯರ್ ಹಿಂದಿನಿಂದ ಕಿಕ್ ಕಿಕ್ ಅಂತ ಕೂಗ್ತಾನ, ದಢ್ ದಢ್ ಅಂತ ಎರಡು ಬಡಿತ, ಆತು, ಹಾಡು ಶುರು. ಬೆಳಿಗ್ಗೆ ತನಕ ಒಬ್ಬರ ಭಾಷಾ ಒಬ್ಬರಿಗೆ ಬರ್ತಿರೂದಿಲ್ಲ, ರಾತ್ರಿ ಅದ ಹುಡುಗುರು ಒಬ್ಬರ ಸಾಮಾನು ಒಬ್ಬರು ಹೊತ್ತು ಗಾಡಿಗೆ ಹಾಕ್ತಾರ. ಹತ್ತು ಮಂದಿ ಕಲಾವಿದರನ್ನ ಒಂದ ವೇದಿಕೆಗೆ ಕರದು ಹಾರ ಹಾಕಿ ಕಳಸೂದ್ರಿಂದ ಈ ಸಲಿಗಿ ಬರೂದಿಲ್ರಿ, ಕೂಡಿ ಹಾದಿ ಸವೆಸಿದ್ರ ಬರ್ತೈತಿ.

ಈಗ ಭೂಪಟ ನೋಡ್ರಿ. ಪುಣೆ–ಬೆಂಗಳೂರು ಹೆದ್ದಾರಿ ಹುಬ್ಬಳ್ಳಿ ಬಾಜೂಕನ ಹಾಯ್ದು ಹೋಗ್ತೈತಿ. ಇಲ್ಲಿಂದ ಬೆಂಗಳೂರು 400 ಕಿಲೋಮೀಟರ್ ಚಿಲ್ಲರೆ, ಪುಣೆನೂ ಹತ್ರ ಹತ್ರ ಅಷ್ಟ, ಗೋವಾ ಅರ್ಧಕ್ಕಿಂತ ಕಡಿಮಿ. ಭಾನುವಾರ ರಾತ್ರಿ ಪುಣೆದಾಗ ಶೋ ಮುಗಿಸಿದ ಬ್ಯಾಂಡು ಗುರುವಾರ ಬೆಂಗಳೂರಾಗ ಇರಬೇಕು ಅಂದ್ರ ನಡುವ ಮಂಗಳವಾರ ಇಳಿಯಾಕ ದೇವರು ಗುರ್ತು ಮಾಡಿಟ್ಟಂಗ ಐತಿ ನಮ್ಮೂರು. ಆದ್ರ ಅವ್ರು ಇಳಿಯೂದಿಲ್ಲ. ರಾತ್ರಿ ಎರಡಕ್ಕೋ ಮೂರಕ್ಕೋ ಬೈಪಾಸ್ ಹಾಯ್ದು ಹೋಗಿ ಬಿಡ್ತಾರ. ಈ ಹಾದಿಯೊಳಗ ಗಾಡಿ ಹೊಡಿಯೂದು ಅಂದ್ರ ಏನು ಅನ್ನೂದು ಈ ಊರಿಗೆ ಹೇಳೂದ ಬ್ಯಾಡ, 2021ರ ಜನವರಿದಾಗ ಇಟಿಗಟ್ಟಿ ಹತ್ರ ಗೋವಾಕ್ಕ ಹೊಂಟಿದ್ದ ಟೆಂಪೋ ಟ್ರಾವೆಲರ್ ಅಪಘಾತದ ಸುದ್ದಿ ಇಲ್ಲೆ ಯಾರೂ ಮರತಿಲ್ಲ. ನಡುವ ಒಂದು ಶೋ, ಒಂದು ವಸ್ತಿ ಸಿಕ್ರ 800 ಕಿಲೋಮೀಟರ್ ಎರಡು ಹಗಲಿನ ಪ್ರಯಾಣ ಆಗ್ತೈತಿ, ಡ್ರೈವರ್ ನಿದ್ದಿ ಮಾಡ್ತಾನ. ಟೂರ್ ಮಾಡಾವ್ರಿಗೆ ನಡುವಿನ ಊರು ಬೇಕಾಗಿದ್ದು ಬರೇ ರೊಕ್ಕಕ್ಕಲ್ಲ, ಜೀವಕ್ಕೂ ಹೌದು.

ಇದೇನು ಹೊರಗಿನಿಂದ ಬಂದ ಹೊಸ ಹುಚ್ಚು ಅಂತ ಯಾರರ ಅಂದ್ರ ನಾ ಒಪ್ಪೂದಿಲ್ಲ. ಊರೂರು ತಿರುಗೂದು ಈ ಸೀಮೆಯ ಕಲಾವಿದರ ರಕ್ತದಾಗ ಐತಿ. ಪಂಚಾಕ್ಷರಿ ಗವಾಯಿಗಳು ಗದಗಿನ್ಯಾಗ ನೆಲಿ ನಿಲ್ಲೂಕಿಂತ ಮೊದಲ ಸಂಚಾರಿ ಸಂಗೀತ ಪಾಠಶಾಲೆ ಕಟಗೊಂಡು, ಶಿಷ್ಯರನ್ನ ಕರಕೊಂಡು ಊರಿಂದ ಊರಿಗೆ ಹೋದವ್ರು. ಅವರ ಹಿಂದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಊಟಕ್ಕ, ಪಾಠಕ್ಕ ನಾಟಕ ಕಂಪನಿ ಕಟ್ಟಿ ಕ್ಯಾಂಪ್ ಹಾಕ್ಕೋತ ತಿರಗಿದ್ರು. ಗದಗಿನ ಗರುಡ ಸದಾಶಿವರಾಯರ ಕಂಪನಿ, ಏಣಗಿ ಬಾಳಪ್ಪನವರ ಕಂಪನಿ, ಇವೆಲ್ಲಾ ಸೀನರಿ, ಪರದೆ, ಹಾರ್ಮೋನಿಯಂ, ಅಡಿಗಿ ಸಾಮಾನು ಸೈತ ಕಟಗೊಂಡು ಹೋದವು. ಇವತ್ತೂ ಬಾದಾಮಿಯ ಬನಶಂಕರಿ ಜಾತ್ರಿಯೊಳಗ ಒಂದರ ಬಾಜೂ ಒಂದು ನಾಟಕ ಕಂಪನಿ ಥೇಟರ್ ಹಾಕಿ ರಾತ್ರಿ ರಾತ್ರಿ ಆಟ ಆಡ್ತಾವ. ಆಗಿನ ಕಂಪನಿಗೆ ಕ್ಯಾಂಪ್ ಹಾಕಾಕ ಊರು ಜಾಗಾ ಕೊಡತಿತ್ತು, ಕೂಲಿ ಸಿಗತಿದ್ರು, ಊರ ಹಿರ್ಯಾರು ಬಂದು ಮುಂದಿನ ಸಾಲಾಗ ಕೂಡತಿದ್ರು. ನಾವು ಕೇಳಾಕತ್ತಿದ್ದೂ ಅದನ್ನ, ಬರೇ ಒಂದು ಸಂಜಿಗೆ.

ರೈಲ್ವೆ ಸಾಹೇಬ್ರ, ಮೊದಲು ನಿಮ್ಮ ಪಾಲಿನ ಮಾತು.

ನಮ್ಮ ಹುಬ್ಬಳ್ಳಿ ಸ್ಟೇಷನ್ನಿಗೆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಐತಿ, 2023ರ ಮಾರ್ಚ್‌ನ್ಯಾಗ ಉದ್ಘಾಟನಿ ಆದಾಗ ಜಗತ್ತಿನ್ಯಾಗ ಅಷ್ಟು ಉದ್ದದ್ದು ಬ್ಯಾರೆ ಇಲ್ಲಂತ ಊರೆಲ್ಲಾ ಹೆಮ್ಮಿ ಪಟ್ಟಿತು, ನಾನೂ ಪಟ್ಟೇನಿ. ಇಲ್ಲಿಂದ ಹೌರಾಕ್ಕ ಅಮರಾವತಿ ಎಕ್ಸ್‌ಪ್ರೆಸ್ ಐತಿ, ದಿಲ್ಲಿಗೆ ಸಂಪರ್ಕ ಕ್ರಾಂತಿ ಹಾಯ್ದು ಹೋಗ್ತೈತಿ, ಮುಂಬೈ, ಹೈದರಾಬಾದ್, ಗೋವಾ, ಬೆಂಗಳೂರು ಎಲ್ಲಾ ಕಡೆ ಗಾಡಿ ಅದಾವ. ಮೊದಲು ಪ್ರೋಗ್ರಾಮ್ ಕೊಡಾಕ ಹೋಗೂ ಕಲಾವಿದರಿಗೆ ಸೆಕೆಂಡ್ ಕ್ಲಾಸ್, ಸ್ಲೀಪರ್‌ನ್ಯಾಗ ಟಿಕೆಟ್ಟಿನ ಮ್ಯಾಲೆ 75 ಪರ್ಸೆಂಟ್ ರಿಯಾಯ್ತಿ ಇತ್ತು. ನಾಟಕದವ್ರು, ಜಾನಪದ ಮೇಳದವ್ರು, ಸಂಗೀತಗಾರರು ಎಲ್ಲಾರೂ ಅದರ ಮ್ಯಾಲೆ ತಿರಗ್ಯಾರ. 2020ರ ಮಾರ್ಚ್ 20ರಿಂದ ಕೋವಿಡ್ ಸಲವಾಗಿ ಅಂಗವಿಕಲರು, ರೋಗಿಗಳು, ವಿದ್ಯಾರ್ಥಿಗಳ ಕೆಲವು ವರ್ಗ ಬಿಟ್ಟು ಉಳಿದೆಲ್ಲಾ ರಿಯಾಯ್ತಿ ನಿಂತ್ವು. ಆವಾಗ ನಿಲ್ಲಿಸಿದ್ದು ಸರಿನ ಇತ್ತು, ಮಂದಿ ತಿರುಗಾಡಬಾರದಿತ್ತು. ಈಗ ಗಾಡಿ ತುಂಬಿ ತುಳುಕಾಕತ್ತಾವ, ಕಲಾವಿದರ ರಿಯಾಯ್ತಿ ಮಾತ್ರ ಇನ್ನೂ ತಿರುಗಿ ಬಂದಿಲ್ಲ. ಇದು ದಿಲ್ಲಿಯ ರೈಲ್ವೆ ಬೋರ್ಡಿನ ತೀರ್ಮಾನ ಅಂತ ನನಗ ಗೊತ್ತೈತ್ರಿ. ಆದ್ರ ಒಂದು ಝೋನಿನ ಜಿಎಂ ಬರದು ಕಳಿಸಿದ್ದಕ್ಕ ಇರೂ ತೂಕ ನಮ್ಮಂಥವ್ರ ಅರ್ಜಿಗೆ ಇರೂದಿಲ್ಲ. ನೀವು ಒಂದು ಶಿಫಾರಸು ಬರೀರಿ, ಅಷ್ಟ ಕೇಳ್ತೇನಿ.

ಎರಡನೇದು ಸಾಮಾನಿನ ಕಥಿ. ಸ್ಲೀಪರ್‌ನ್ಯಾಗ ಒಬ್ಬೊಬ್ಬರಿಗೆ 40 ಕೆಜಿ ಫ್ರೀ, ತೂಕದ್ದು ನಮಗ ತಕರಾರಿಲ್ಲ. ಆದ್ರ ಡಬ್ಬಿಯೊಳಗ ಒಯ್ಯೂ ಪೆಟ್ಟಿಗಿ 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರ ದಾಟಬಾರದು ಅಂತ ನಿಯಮ ಐತಿ. ನನ್ನ ಬೇಸ್ ಗಿಟಾರ್ ಉದ್ದನ ಒಂದು ಮೀಟರ್ ಮ್ಯಾಲೆ ಐತಿ, 88 ಕೀ ಇರೂ ಕೀಬೋರ್ಡ್ ಒಂದೂಕಾಲು ಮೀಟರ್ ದಾಟತೈತಿ, ಕಿಕ್ ಡ್ರಮ್ ಅಂದ್ರ 22 ಇಂಚು ವ್ಯಾಸ. ತಂಬೂರಿ, ಸಿತಾರ್ ಒಯ್ಯಾವ್ರದೂ ಇದ ಗೋಳು. ಟಿಸಿ ಮನಸ್ಸು ಮಾಡಿದ್ರ ಬಿಡ್ತಾರ, ಇಲ್ಲಂದ್ರ ದಂಡ, ಇಲ್ಲಾ ಪಾರ್ಸಲ್‌ಗೆ ಹಾಕು ಅಂತಾರ. ದೂರದ ಒಂದು ಸ್ಟೇಷನ್ನಿನ್ಯಾಗ ಹಂಗ ಪಾರ್ಸಲ್‌ಗೆ ಹಾಕಿದ ಸಿಂಬಲ್ ಚೀಲ ನಮ್ಮ ಗಾಡಿಗೆ ಏರಲೇ ಇಲ್ಲ, ನಾವು ಇಳದು ಬ್ರೇಕ್ ವ್ಯಾನ್ (ಪಾರ್ಸಲ್ ಸಾಮಾನಿನ ಡಬ್ಬಿ) ಮುಂದ ನಿಂತು ಒಂದೊಂದ ಗಂಟು ಇಳಿಯೂದು ನೋಡಿದ್ವಿ, ಮಾವಿನಹಣ್ಣಿನ ಬುಟ್ಟಿ ಇಳದ್ವು, ಬೈಕ್ ಇಳದ್ವು, ನಮ್ಮ ಕರೀ ಚೀಲ ಇಲ್ಲ. ಆ ಸಂಜಿ ನಮ್ಮ ಡ್ರಮ್ಮರ್ ಜೋಡಿ ಬಂದಿದ್ದ ಬ್ಯಾಂಡಿನಾಂವನ ಸಿಂಬಲ್ ಮ್ಯಾಲೆ ಬಾರಿಸಿದ, ಅವನು ಒಂದು ಮಾತು ಆಡಲಾರ್ದ ತನ್ನವು ಬಿಟ್ಟು ಇಳದ. ಕೂಡಿ ಹೋಗಿದ್ದಕ್ಕ ಶೋ ನಡೀತು. ವಾದ್ಯಕ್ಕ ಒಂದು ಬ್ಯಾರೆ ನಿಯಮ ಮಾಡ್ರಿ, ಸ್ಟೇಷನ್ ಮಾಸ್ಟರ್ ಕಡಿಂದ ಒಂದು ಚೀಟಿ ಇದ್ರ ಗಿಟಾರ್, ಕೀಬೋರ್ಡ್, ತಂಬೂರಿ ಡಬ್ಬಿಯೊಳಗ ಒಯ್ಯಬಹುದು ಅಂತ. ಹುಬ್ಬಳ್ಳಿ ಡಿವಿಷನ್ನಿನ್ಯಾಗ ಮೊದಲು ಮಾಡಿ ನೋಡ್ರಿ.

ಬ್ಯಾರೆ ದೊಡ್ಡ ದೇಶದವ್ರು ಇದನ್ನ ವಿಚಾರ ಮಾಡ್ಯಾರ. ಕೆನಡಾದ ಸರ್ಕಾರಿ ಪ್ಯಾಸೆಂಜರ್ ರೈಲು ವಿಯಾ ರೈಲ್, ಟೊರಾಂಟೋದಿಂದ ವ್ಯಾಂಕೂವರ್‌ಗೆ 4,466 ಕಿಲೋಮೀಟರ್ ಹೋಗೂ ಗಾಡಿದಾಗ ಕಲಾವಿದರಿಗೆ ಸೀಟು ಕೊಟ್ಟು, ಅದರ ಬದಲಿ ಹಾದಿಯೊಳಗ ಪ್ರಯಾಣಿಕರಿಗೆ ಹಾಡಾಕ ಹಚ್ಚೂ ಸ್ಕೀಮ್ ಮಾಡಿತ್ತು. ಅಲ್ಲೆ ಫ್ಯಾಕ್ಟರ್ ಅನ್ನೂ ಸಂಸ್ಥಾ 1982ರಿಂದ ಐತಿ, ಬ್ಯಾಂಡಿನ ರೆಕಾರ್ಡಿಂಗಿಗೆ, ಟೂರಿಗೆ ರೊಕ್ಕ ಕೊಡ್ತೈತಿ. ಅಮೆರಿಕಾದಾಗ 1980ರ ಆಸುಪಾಸಿನ ಪಂಕ್ ಬ್ಯಾಂಡ್‌ಗೆ ಅದೂ ಇರಲಿಲ್ಲ, ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್‌ನವ್ರು ತಮ್ಮದ ಎಸ್‌ಎಸ್‌ಟಿ ಅನ್ನೂ ರೆಕಾರ್ಡ್ ಕಂಪನಿಯ ಬ್ಯಾರೆ ಬ್ಯಾಂಡುಗಳ ಜೋಡಿ ವ್ಯಾನಿನ್ಯಾಗ ಸಣ್ಣ ಸಣ್ಣ ಊರು ಹೊಕ್ಕು ಬಂದ್ರು, ಸಿಕ್ಕವ್ರ ಮನಿಯೊಳಗ ನೆಲದ ಮ್ಯಾಲೆ ಮಲಗಿದ್ರು. ವಾಷಿಂಗ್ಟನ್ನಿನ ಫುಗಾಝಿ ಅನ್ನೂ ಬ್ಯಾಂಡ್ ಟಿಕೆಟ್ 5 ಡಾಲರ್‌ದ ಸುಮಾರ ಇಟ್ಟು, ಸಣ್ಣ ಹುಡುಗರಿಗೂ ಬಾಗಲಾ ತಗದಿರಬೇಕು ಅಂತ ಹಟ ಹಿಡೀತು. ಬಾರ್‌ನ್ಯಾಗ ಬಾರಿಸಿದ್ರ ಹದಿನಾರು ವರ್ಷದ ಹುಡುಗಿ ಒಳಗ ಬರಾಕ ಆಗೂದಿಲ್ಲ, ಅಪ್ಪ ಅವ್ವ ಅಂತೂ ಬರೂದ ಇಲ್ಲ. ನಮ್ಮ ಊರಿಗೆ ಬೇಕಾಗಿದ್ದು ಬಾರ್ ಅಲ್ರಿ, ಹಾಲ್.

ಮತ್ತ ರೈಲಿಗೂ ನಮ್ಮ ಸಂಗೀತಕ್ಕೂ ಹಳೇ ನಂಟು. 1933ರಾಗ ಹನ್ನೊಂದು ವರ್ಷದ ಭೀಮಸೇನ ಜೋಶಿ ಗುರುವನ್ನ ಹುಡಿಕ್ಕೊಂಡು ಗದಗಿನ ಮನಿ ಬಿಟ್ಟು ಹ್ವಾದಾಗ ರೊಕ್ಕಿಲ್ಲದ ರೈಲು ಹತ್ತಿ, ಹಾದಿಯೊಳಗ ಹಾಡಿಕೋತ ಉತ್ತರಕ್ಕ ಹ್ವಾದ್ರು, ಗ್ವಾಲಿಯರ್, ಜಲಂಧರ್ ಎಲ್ಲಾ ತಿರುಗಿ ಕಡೀಕ ಕುಂದಗೋಳದ ಸವಾಯಿ ಗಂಧರ್ವರ ಹತ್ರ ಬಂದು ನಿಂತ್ರು.

ಕಮಿಷನರ್ ಸಾಹೇಬ್ರ, ಈಗ ನಿಮ್ಮ ಕಡೆ.

ಊರಾಗ ಸಭಾಭವನ, ರಂಗಮಂದಿರ ಭಾಳ ಅದಾವ, ಕೆಲವು ಪಾಲಿಕೆಯವು, ಕೆಲವು ಬ್ಯಾರೆ ಇಲಾಖೆಯವು, ಕೆಲವು ಸಂಸ್ಥಾದವು. ಸೋಮವಾರ ಮಂಗಳವಾರ ಸಂಜಿ ಅದರಾಗ ಹೆಚ್ಚಿನವು ಕೀಲಿ ಹಾಕ್ಕೊಂಡು ಕುಂತಿರ್ತಾವ. ಒಂದು ಹಾಲ್ ಕೇಳಾಕ ಹೋದಾಗ (ಯಾವದು ಅಂತ ಹೇಳೂದು ಬ್ಯಾಡ) ಬಾಡಿಗಿ ಮದವಿ ಲೆಕ್ಕದಾಗ ಇಡೀ ದಿನದ್ದು ಹೇಳಿದ್ರು, ಮ್ಯಾಲೆ ಡೆಪಾಸಿಟ್, ಮತ್ತ ಸಂಘದ ನೋಂದಣಿ ಪತ್ರ ಇಲ್ಲಂದ್ರ ಫಾರ್ಮ್ ತೊಗೊಳ್ಳೂದಿಲ್ಲ ಅಂದ್ರು. ಇನ್ನೊಂದು ಕಡೆ ಫಾರ್ಮಿನ್ಯಾಗ ಶಾಸ್ತ್ರೀಯ, ಸುಗಮ ಸಂಗೀತ, ಜಾನಪದ, ನಾಟಕ ಅಂತ ನಾಕು ಮನಿ, ನಮ್ಮ ಹಾಡಿಗೆ ಮನಿನ ಇಲ್ಲ. ಶರೀಫರ ತತ್ವಪದಾನ ಡ್ರಮ್ಸ್ ಇಟಗೊಂಡು ಹಾಡಿದ್ರ ಅದು ಜಾನಪದ ಅಲ್ಲ ಅನ್ನೂದು ಯಾರು ತೀರ್ಮಾನ ಮಾಡಾವ್ರು?

ಲೆಕ್ಕಾ ನೋಡ್ರಿ. 250 ಕುರ್ಚಿ, ಟಿಕೆಟ್ 200 ರೂಪಾಯಿ, ತುಂಬಿದ್ರ 50,000. ಸಂಗೀತ ಕಾರ್ಯಕ್ರಮಕ್ಕ 500 ರೂಪಾಯಿ ತನಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ, ಅದೊಂದು ಪುಣ್ಯ. ಇದರಾಗ ಸೌಂಡ್, ಲೈಟ್, ಮೂರು ಬ್ಯಾಂಡಿನ ಹದಿಮೂರು ಹದಿನಾಕು ಮಂದಿ ಊಟ, ವಸ್ತಿ, ಡೀಸೆಲ್ ಹೋಗಬೇಕು. ಹಾಲ್ ಬಾಡಿಗಿ ಐದಾರು ಸಾವಿರದಾಗ ಆದ್ರ ಎಲ್ಲಾರ ಕೈಯಾಗೂ ಏನರ ಉಳೀತೈತಿ, ಇಪ್ಪತ್ತು ಇಪ್ಪತ್ತೈದು ಸಾವಿರ ಆತಂದ್ರ ಶೋನ ಇಲ್ಲ. ಇಷ್ಟ ವ್ಯತ್ಯಾಸ. ಕೀಲಿ ಹಾಕಿದ ಹಾಲಿನಿಂದ ಪಾಲಿಕೆಗೂ ಒಂದು ರೂಪಾಯಿ ಬರೂದಿಲ್ಲ, ಅದಕ್ಕ ವಾರದ ನಡುವಿನ ಸಂಜಿಗೆ ಅಂತ ಒಂದು ಕಡಿಮಿ ರೇಟು ಮಾಡ್ರಿ, ಮೂರು ತಾಸಿನದ್ದು, ನಾಲ್ಕರಿಂದ ಸೌಂಡ್ ಚೆಕ್ಕಿಗೆ ಬಿಡ್ರಿ. ನಾವು ಆರೂವರಿಗೆ ಶುರು ಮಾಡಿ ಒಂಬತ್ತೂವರಿಗೆ ಮುಗಸ್ತೇವಿ. ಮುಚ್ಚಿದ ಹಾಲ್ ಬಿಟ್ಟು ಬ್ಯಾರೆ ಕಡೆ ರಾತ್ರಿ 10ರ ಮ್ಯಾಲೆ ಮೈಕ್ ಇಲ್ಲಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಾಗ ಐತಿ, ನಾವು ಹಾಲ್ ಒಳಗೂ ಅದನ್ನ ಪಾಲಸ್ತೇವಿ, ಹಾಲ್ ಬಾಜೂ ಮನಿಯವ್ರೂ ನಮ್ಮವ್ರ.

ಪರ್ಮಿಷನ್ನಿಗೂ ಒಂದ ಟೇಬಲ್ ಮಾಡ್ರಿ. ಮೈಕಿಗೆ ಒಂದು ಕಡೆ, ಬೆಂಕಿ ಸುರಕ್ಷತಾಕ್ಕ ಒಂದು ಕಡೆ, ಕರೆಂಟಿಗೆ ಒಂದು ಕಡೆ, ಟ್ರಾಫಿಕ್ಕಿಗೆ ಒಂದು ಕಡೆ ಓಡಾಡೂದ್ರಾಗ ಒಂದು ವಾರ ಹೋಗ್ತೈತಿ, ಹಗಲೆಲ್ಲಾ ನೌಕರಿ ಮಾಡಿ ಸಂಜಿಕ ಬ್ಯಾಂಡ್ ಮಾಡಾವ್ರಿಗೆ ಆಗೂದಿಲ್ರಿ. ಸಾವಿರಾರು ಮಂದಿ ಕೂಡೂ ದೊಡ್ಡ ಕಾರ್ಯಕ್ರಮಕ್ಕ ಎಲ್ಲಾ ತಪಾಸಣೆ ಬೇಕು, ಖರೆ, ಆದ್ರ ಮೊದಲ ಪರ್ಮಿಷನ್ ಇರೂ ಹಾಲ್‌ನ್ಯಾಗ, ಇರೂ ಕುರ್ಚಿ ಮ್ಯಾಲೆ 300 ಮಂದಿ ಕೂಡಾಕ ಪ್ರತಿ ಸಲ ಹೊಸದಾಗಿ ಇಷ್ಟು ಯಾಕ?

ಇದರಿಂದ ಊರಿಗೇನು ಅಂತ ಕೇಳಿದ್ರ, ನಾ ಹುಡುಗರ ಕಡೆ ಬಟ್ಟು ಮಾಡ್ತೇನಿ. ಧಾರವಾಡದಾಗ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಹುಬ್ಬಳ್ಳಿದಾಗ ಎಂಜಿನಿಯರಿಂಗ್, ಮೆಡಿಕಲ್, ಇಷ್ಟು ಕಾಲೇಜು ಅದಾವ. ಮನಿ ಮಾಳಿಗಿ ಮ್ಯಾಲೆ, ಗೋದಾಮಿನ್ಯಾಗ ಸಣ್ಣ ಆಂಪ್ ಇಟಗೊಂಡು ಪ್ರ್ಯಾಕ್ಟೀಸ್ ಮಾಡೂ ಹುಡುಗುರು ಎಷ್ಟ್ ಮಂದಿ ಅದಾರ ನನಗ ಗೊತ್ತೈತಿ. ಅವ್ರು ಒಂದು ಚಲೋ ಬ್ಯಾಂಡನ್ನ ಹತ್ತು ಫೂಟು ದೂರದಿಂದ ನೋಡಬೇಕು. ಗಿಟಾರಿಸ್ಟ್ ಯಾವ ಪೆಡಲ್ ಯಾವಾಗ ಒತ್ತತಾನ, ಹಾಡಾಕಿ ಮೈಕ್ ಎಷ್ಟು ದೂರ ಹಿಡೀತಾಳ, ಎರಡು ಹಾಡಿನ ನಡುವ ಟ್ಯೂನ್ ಇಳದ್ರ ಏನು ಮಾಡ್ತಾರ, ಇದು ಮೊಬೈಲ್‌ನ್ಯಾಗ ಕಾಣೂದಿಲ್ಲ. ನೋಡಾಕ ಬೆಂಗಳೂರಿಗೆ ಹ್ವಾದಾವ್ರು ಅಲ್ಲೇ ಉಳಿತಾರ, ಊರಿನ ಬ್ಯಾಂಡ್ ಒಡೀತೈತಿ. ಇನ್ನೊಂದು, ನಮ್ಮೂರಾಗ ಬ್ಯಾರೆ ಊರಿನ ಬ್ಯಾಂಡ್ ಇಳಿಸಿಕೊಂಡ್ರ ನಾಳೆ ಅವ್ರು ಕೊಲ್ಲಾಪುರದಾಗ, ಪುಣೆದಾಗ, ಕೊಚ್ಚಿದಾಗ ನಮಗ ಇಳಿಸಿಕೊಳ್ತಾರ. ಇಸಗೊಳ್ಳಾಕ ಕೊಡಾಕ ಏನರ ಇರಬೇಕಲ್ರಿ, ನಮ್ಮ ಕಡೆ ಇವತ್ತು ಕೊಡಾಕ ಒಂದು ಸ್ಟೇಜ್ ಇಲ್ಲ. ಹಾಡು ಅದಾವ, ಕನ್ನಡದ ಹಾಡು, ಧಾರವಾಡದ ಮಾತಿನ್ಯಾಗ ಬರದವು, ಅವು ಗುವಾಹಟಿ ತನಕ ಹೋಗಬೇಕು ಅಂತ ನನಗ ಆಸೆ ಐತಿ.

ಊರಿನ ಹಿರ್ಯಾರಿಗೆ, ಖಾನಾವಳಿಯವ್ರಿಗೆ, ಲಾಡ್ಜಿನವ್ರಿಗೆ, ಸೌಂಡ್ ಸಿಸ್ಟಮ್ ಬಾಡಿಗಿ ಕೊಡಾವ್ರಿಗೂ ಒಂದ ಮಾತು: ವಾರದ ನಡುವ ಹದಿನಾಕು ಮಂದಿ ಹಸಿದ ಹುಡುಗುರು ಬಂದಿಳಿದ್ರ ನಿಮಗೂ ಯಾಪಾರ ಐತಿ. ಮನಿದಾಗ ಜಾಗಾ ಇದ್ದವ್ರು ನಾಕು ಮಂದಿಗೆ ಹಾಸಗಿ ಹಾಕಿ ಕೊಟ್ರ ಇನ್ನೂ ಚಲೋ. ಗಾಯಕರು ಬಂದ್ರ ಮನಿಯೊಳಗ ಇಳಿಸಿಕೊಳ್ಳೂ ಪದ್ಧತಿ ಹುಬ್ಬಳ್ಳಿ ಧಾರವಾಡಕ್ಕ ಹೊಸದಲ್ಲ.

ಸಾಹೇಬ್ರ, ಬರೂ ಡಿಸೆಂಬರ್‌ನ್ಯಾಗ ಪುಣೆಯಿಂದ ಬೆಂಗಳೂರಿಗೆ ಹೊಂಟಿರೂ ಎರಡು ಬ್ಯಾಂಡು ಒಂದು ಮಂಗಳವಾರ ಖಾಲಿ ಅದಾವು, ಇಲ್ಲೆ ಇಳಿಯಾಕ ಒಪ್ಪ್ಯಾರ, ಮೂರನೇ ಬ್ಯಾಂಡು ನಮ್ದು. ಡ್ರಮ್ ಕಿಟ್ ನಮ್ದ ಐತಿ, ಸೌಂಡಿನವ್ರ ಜೋಡಿ ಮಾತಾಡೇವಿ, ಟಿಕೆಟ್ ಮಾರೂ ಕೆಲಸ ಕಾಲೇಜಿನ ಹುಡುಗುರು ತೊಗೊಂಡಾರ. ಹಾಲ್ ಒಂದು ಬಾಕಿ. ಯಾವ ಹಾಲ್ ಕೊಡ್ತೀರಿ, ಬಾಡಿಗಿ ಎಷ್ಟು, ಅರ್ಜಿ ಯಾವ ಟೇಬಲ್ಲಿಗೆ ಕೊಡಬೇಕು ಅಂತ ತಿಳಿಸಿದ್ರ ಮರುದಿನ ಮುಂಜಾನೆ ಆಫೀಸು ತಗಿಯೂ ಹೊತ್ತಿಗೆ ಬಂದು ಕೊಡ್ತೇವಿ. ರೈಲ್ವೆ ಬೋರ್ಡಿಗೆ ಬರಿಯೂ ಪತ್ರಕ್ಕ ಕಲಾವಿದರ ಸಹಿ ಬೇಕಂದ್ರೂ ಹೇಳ್ರಿ, ನಾಟಕದವ್ರು, ಭಜನಿ ಮೇಳದವ್ರು, ಡೊಳ್ಳಿನವ್ರು, ಹಿಂದೂಸ್ತಾನಿ ಹಾಡಾವ್ರು, ಬ್ಯಾಂಡಿನವ್ರು ಎಲ್ಲಾರ ಕಡಿಂದನೂ ತಂದು ಕೊಡ್ತೇವಿ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಬೇಸ್ ಗಿಟಾರಿಸ್ಟ್